ಟಚಿಂಗ್ ಚಿಕ್ಕಮ್ಮನ ಪೆನ್ಸಿಲ್

ಫೋಟೊ ತೆಗೆಸಿಕೊಳ್ಳಲು ಜನ ತಲೆ ಬಾಚಿ, ಗುಂಡಿ ಹಾಕಿ, ಉಸಿರು ಬಿಗಿಹಿಡಿದು ಕೂರುತ್ತಿದ್ದ ಕಾಲದ ಮಾತು. ಬೀದಿಯ ತಿರುವಿನ ಸ್ಟುಡಿಯೊದಲ್ಲಿ ಕ್ಯಾಮೆರಾ ಒತ್ತುತ್ತಿದ್ದವರು ಭಾವ. ಅವರು ಒತ್ತಿದ್ದನ್ನು ನೋಡುವ ಹಾಗೆ ಮಾಡುತ್ತಿದ್ದವಳು ಅವರ ಹೆಂಡತಿಯ ತಂಗಿ. ಅಕ್ಕನ ಮಕ್ಕಳು ಚಿಕ್ಕಮ್ಮ ಎನ್ನುತ್ತಿದ್ದರು, ಗಿರಾಕಿಗಳು ಅದಕ್ಕೆ ಫೋಟೊ ತಿದ್ದುವ ಅವಳ ಕೆಲಸವನ್ನೂ ಸೇರಿಸಿದರು. ಅಲ್ಲಿಗೆ ಅವಳು ಊರಿಗೆಲ್ಲ ಟಚಿಂಗ್ ಚಿಕ್ಕಮ್ಮ.

ಒಳಕೋಣೆಯ ಕಿಟಕಿಯ ಪಕ್ಕ ಅವಳ ಓರೆ ಗಾಜಿನ ಮೇಜು. ಅಡಿಯಲ್ಲಿಟ್ಟ ಕನ್ನಡಿ ಕಿಟಕಿಯ ಬೆಳಕನ್ನು ಗಾಜಿಗೆ ಎತ್ತಿ ಕೊಡುತ್ತಿತ್ತು. ಗಾಜಿನ ಮೇಲೆ ನೆಗೆಟಿವ್. ಅದರಲ್ಲಿ ಎಲ್ಲವೂ ತಿರುಗಾಮುರುಗಾ: ಕಪ್ಪು ಕೂದಲು ಬೆಳ್ಳಗೆ, ಮುಖ ಕಪ್ಪಗೆ, ಸುಕ್ಕು ಒಂದು ಬಿಳಿ ಗೆರೆ. ಸೂಜಿಯ ಹಾಗೆ ಮಸೆದ ಪೆನ್ಸಿಲ್ಲಿನಿಂದ ಆ ಗೆರೆಯೊಳಗೆ ಚುಕ್ಕಿ ತುಂಬಿಬಿಟ್ಟರೆ, ಅಚ್ಚಾದ ಫೋಟೊದಲ್ಲಿ ಸುಕ್ಕು ಮಾಯ. ಹೀಗೆ ದಿನಕ್ಕೆ ಹದಿನೈದು ಮುಖ. ಮಚ್ಚೆ, ಮೊಡವೆ, ಸಿಡುಬಿನ ಕಲೆ, ಒಂದನ್ನೂ ಉಳಿಸುತ್ತಿರಲಿಲ್ಲ ಪುಣ್ಯಾತ್ಗಿತ್ತಿ. ಅಂಚೆಯವನು ಷೋಕೇಸಿನ ಮುಂದೆ ನಿಂತು, "ಏನು ಚಿಕ್ಕಮ್ಮಾ, ಊರಿನವರೆಲ್ಲ ಒಂದೇ ತಾಯಿ ಮಕ್ಕಳಾ?" ಎಂದು ಕೇಳಿದ್ದ. ಅವಳಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತ್ತು!

ಒಮ್ಮೆ ಅವಳ ಅಮ್ಮ ಬಂದು ಕುರ್ಚಿಯಲ್ಲಿ ಕೂತರು. ಅಮ್ಮನ ಹುಬ್ಬಿನ ಮೇಲೊಂದು ಗಾಯದ ಗುರುತು. ಎರಡು ವರ್ಷದ ಚಿಕ್ಕಮ್ಮ ಹಾಲು ಬೇಡವೆಂದು ಹಟ ಹಿಡಿದು ಲೋಟ ಎಸೆದಾಗ ಆದದ್ದು. "ಇದು ನೀನು ನನಗೆ ಮಾಡಿಸಿಕೊಟ್ಟ ಒಡವೆ" ಎಂದು ಅಮ್ಮ ಯಾವಾಗಲೂ ನಗುತ್ತಿದ್ದರು. ಕ್ಯಾಮೆರಾದ ಮುಂದೆ ಕೂತವರು ಅವತ್ತು ಹೇಳಿದ್ದು ಒಂದೇ ಮಾತು:

"ನನ್ನ ಮುಖಕ್ಕೆ ಕೈ ಹಾಕ್ಬೇಡ ಕಣೇ. ಇದ್ದ ಹಾಗೇ ಇರ್ಲಿ."

ಕೇಳಿದ್ದರೆ ತಾನೆ? ಹೆತ್ತ ತಾಯಿಗೆ ತನ್ನ ಕೈಚಳಕವನ್ನು ತೋರಿಸದೆ ಇನ್ಯಾರಿಗೆ ತೋರಿಸುವುದು! ಮೂರು ದಿನ ಕೂತು ಒಂದೊಂದೇ ಚುಕ್ಕಿ ಇಟ್ಟಳು. ಗುರುತು ಹೋಯಿತು, ಸುಕ್ಕು ಹೋಯಿತು. ನರೆಗೂದಲನ್ನು ಬ್ಲೇಡಿನ ಮೊನೆಯಿಂದ ಕೆರೆದು ತೆಗೆದಳು. ಅಮ್ಮ ಫೋಟೊ ನೋಡಿ, "ಯಾರೇ ಇವಳು? ಚೆನ್ನಾಗಿದ್ದಾಳೆ" ಎಂದರು. ಎಲ್ಲರೂ ನಕ್ಕರು.

ಎರಡು ವರ್ಷಕ್ಕೆ ಅಮ್ಮ ತೀರಿಕೊಂಡರು. ಇನ್ನೊಂದು ವರ್ಷ ಕಳೆದಿರಬೇಕು, ಒಂದು ಮಧ್ಯಾಹ್ನ ಪೆನ್ಸಿಲ್ ಮಸೆಯುತ್ತ ಕೂತವಳಿಗೆ ಅಮ್ಮನ ನೆನಪಾಯಿತು. ಕಣ್ಣು ಮುಚ್ಚಿದರೆ ಬಂದದ್ದು ಗೋಡೆಯ ಮೇಲಿನ ಫೋಟೊ. ಆ ಗುರುತು ಯಾವ ಹುಬ್ಬಿನ ಮೇಲಿತ್ತು? ನೆನಪಿಗೆ ಬರಲೊಲ್ಲದು. ಎದ್ದು ಹೋಗಿ ಅಕ್ಕನನ್ನು ಕೇಳಿದಳು.

"ಎಡಗಡೆ ಅಲ್ವೇನೇ?" ಎಂದಳು ಅಕ್ಕ.

"ಅತ್ತೆಗೆ ಇದ್ದದ್ದು ಬಲಗಡೆ" ಎಂದರು ಭಾವ.

ಗಂಡಹೆಂಡಿರ ಜಗಳ ಊಟದವರೆಗೂ ನಡೆಯಿತು. ಚಿಕ್ಕಮ್ಮ ಮಾತ್ರ ಗೋಡೆಯ ಫೋಟೊದ ಮುಂದೆ ಹೋಗಿ ನಿಂತಳು. ಹೆತ್ತವಳ ಮುಖವನ್ನು ತಾನೇ ಕೈಯಾರೆ ಅಳಿಸಿದ್ದಳು, ಅದೂ ಬೇಡ ಎಂದಿದ್ದಾಗ.

ನೆಗೆಟಿವ್ ಎಲ್ಲಾದರೂ ಇದ್ದರೆ? ಹಳೆಯ ಬಿಸ್ಕತ್ತಿನ ಡಬ್ಬಗಳನ್ನೆಲ್ಲ ಕೆಳಗಿಳಿಸಿದಳು. ಎರಡು ದಿನ ಊರಿನವರ ಮುಖಗಳನ್ನು ಬೆಳಕಿಗೆ ಹಿಡಿದು ಹಿಡಿದು ಕಣ್ಣು ಕೆಂಪಾದವು. ಏಳನೆಯ ಡಬ್ಬದ ತಳದಲ್ಲಿ ಅಮ್ಮ ಸಿಕ್ಕರು. ಬ್ಲೇಡಿನಿಂದ ಕೆರೆದದ್ದು ಹೋಯಿತೆಂದೇ ಲೆಕ್ಕ, ಪೆನ್ಸಿಲ್ಲಿನ ಚುಕ್ಕಿಯಾದರೆ ಟರ್ಪೆಂಟೈನಿಗೆ ಬಿಡುತ್ತದೆ. ಹುಬ್ಬಿಗೆ ಬ್ಲೇಡ್ ತಾಗಿಸಿದ್ದಳೋ ಇಲ್ಲವೋ, ಅವಳಿಗೇ ಮರೆತಿತ್ತು. ಹತ್ತಿ ಅದ್ದಿ, ಮಗುವಿನ ಬಾಯಿ ಒರೆಸುವಷ್ಟು ಮೆತ್ತಗೆ ಒರೆಸಿದಳು. ತನ್ನ ಮೂರು ದಿನದ ಕೆಲಸ ಬೂದಿಬಣ್ಣವಾಗಿ ಹತ್ತಿಗೆ ಬಂತು. ಹುಬ್ಬಿನ ಮೇಲೆ ಸಣ್ಣ ಬಿಳಿ ಗೆರೆಯೊಂದು ಎದ್ದಿತು.

ಎಡಗಡೆಯೇ. ಅವಳು ಮೇಜಿಗೆ ತಲೆಯಿಟ್ಟು ಅತ್ತಳು. ಮತ್ತೆ ಅಚ್ಚು ಹಾಕಿದ ಫೋಟೊ ಗೋಡೆಗೇರಿತು, ಕೆರೆದ ನರೆಗೂದಲು ಮಾತ್ರ ಎಂದಿಗೂ ವಾಪಸು ಬರಲಿಲ್ಲ.

ಅಂದಿನಿಂದ ಪೆನ್ಸಿಲ್ಲಿನ ಕೆಲಸ ಕಡಿಮೆಯಾಯಿತು. ಭಾವ ಕೂಗಾಡಿದರು: "ಹೀಗೆ ಮಾಡಿದ್ರೆ ಗಿರಾಕಿ ಯಾರಮ್ಮಾ ಬರ್ತಾರೆ?"

"ಧೂಳು, ಗೀರು ಇದ್ರೆ ತೆಗೀತೀನಿ ಭಾವ. ಮುಖ ತೆಗೆಯಲ್ಲ."

ಕೆಲವರು ಎದುರು ಬೀದಿಯ ಸ್ಟುಡಿಯೊಗೆ ಹೋದರು, ಹೋಗಲಿ. ಹದಿನೈದು ಮುಖ ಇದ್ದದ್ದು ನಾಲ್ಕೈದಾಯಿತು. ಬಿಡುವಾದದ್ದೇ ಅವಳು ಒಳಕೋಣೆಯಿಂದ ಈಚೆ ಬಂದಳು. ಅಷ್ಟು ವರ್ಷ ಅವಳು ಜನರನ್ನು ನೋಡಿದ್ದೆಲ್ಲ ತಿರುಗಾಮುರುಗಾ ಆಗಿ, ಗಾಜಿನ ಮೇಲೆ. ಈಗ ಕುರ್ಚಿಯ ಎದುರು ಸ್ಟೂಲು ಹಾಕಿಕೊಂಡು, ಬಿಗಿದು ಕೂತವರ ಜೊತೆ ಅದೂ ಇದೂ ಮಾತಾಡುವಳು. ಹೊಲಿಗೆಯವನ ಸೂಜಿಯ ವಿಷಯ, ಟೀಚರಮ್ಮನ ಮೊಣಕಾಲಿನ ನೋವು. ಅವರು ಕ್ಯಾಮೆರಾವನ್ನು ಮರೆತ ಗಳಿಗೆಯಲ್ಲಿ ಮೆಲ್ಲಗೆ "ಈಗ ಒತ್ತಿ ಭಾವ" ಎನ್ನುವಳು. ಆ ಫೋಟೊಗಳನ್ನು ಅವಳು ತನ್ನವು ಎಂದುಕೊಳ್ಳುತ್ತಿದ್ದಳು. ಮೊದಲು ಮಾಡಿದ ಸಾವಿರಾರರಲ್ಲಿ ಒಂದರ ಬಗ್ಗೆಯೂ ಹಾಗೆ ಅನ್ನಿಸಿರಲಿಲ್ಲ.

ಭಾವನ ಮೂಗಿನ ಮೇಲೊಂದು ದಪ್ಪ ಮಚ್ಚೆ. ತಮ್ಮ ಹಳೆಯ ಫೋಟೊಗಳಲ್ಲೆಲ್ಲ ಅದನ್ನು ಚಿಕ್ಕಮ್ಮನಿಂದ ಅಳಿಸಿಕೊಂಡವರು. ಕಾಯಿಲೆ ಬಿದ್ದ ವರ್ಷ ಅವರು ತಾವಾಗಿಯೇ ಬಂದು ಕುರ್ಚಿಯಲ್ಲಿ ಕೂತರು.

"ಈ ಸಲ ನೀನೇ ಒತ್ತು. ಅತ್ತೇದು ಎರಡನೇ ಸಲ ಮಾಡಿದ್ಯಲ್ಲ, ಹಾಗಿರ್ಲಿ."

"ಮಚ್ಚೆ?"

"ಇರ್ಲಿ ಬಿಡು. ಇಲ್ದಿದ್ರೆ ನಿಮ್ಮಕ್ಕ ಯಾರನ್ನ ನೋಡ್ಕೊಂಡಿರ್ತಾಳೆ?"

ಅಷ್ಟರಲ್ಲಿ ಒಳಗಿನಿಂದ ಅಕ್ಕ, ಮಾತ್ರೆ ನುಂಗಿದಿರಾ ಇಲ್ಲವಾ ಎಂದು ಕೂಗಿದಳು. ಭಾವ ಹುಬ್ಬು ಗಂಟಿಕ್ಕಿ ಆ ಕಡೆ ತಿರುಗಿದರು. ಚಿಕ್ಕಮ್ಮ ಒತ್ತಿದಳು.

ಸ್ಟುಡಿಯೊ ಈಗಿಲ್ಲ, ಭಾವನೂ ಇಲ್ಲ. ಫೋಟೊ ಮನೆಯ ಗೋಡೆಯ ಮೇಲಿದೆ. ಬೆಳಿಗ್ಗೆ ಎದ್ದ ಕೂಡಲೇ ಅಕ್ಕ ಅದರ ಮುಂದೆ ನಿಲ್ಲುತ್ತಾಳೆ. "ನೋಡಿ, ಮತ್ತೆ ಸಿಟ್ಟು ಮಾಡ್ಕೊಂಡು ಕೂತಿದ್ದೀರಿ" ಎಂದು ಒಂದಷ್ಟು ಬೈದು, ಆಮೇಲೆಯೇ ಕಾಫಿಗೆ ನೀರಿಡುತ್ತಾಳೆ.