ಕೆಂಪು ಟ್ಯೂಬಿನ ಕಪ್ಪೆ

ಮುರ್ಲ ಮೀನಿನ ಮುಖ್ಯ ಆಹಾರ ಸಣ್ಣ ಕಪ್ಪೆ ಎಂದು ನಾನು ಕಂಡುಹಿಡಿದಿದ್ದೆ. ಹಾವಿನಂಥ ತಲೆಯ ಆ ಜಾತಿಯ ಹದಿನಾಲ್ಕು ಮೀನುಗಳ ಹೊಟ್ಟೆಗಳನ್ನು ಕೊಯ್ದು ನೋಡಿದ್ದೆ. ಹದಿನಾಲ್ಕರಲ್ಲೂ ಒಂದೊಂದು ಕಪ್ಪೆ. ಎಂ.ಎಸ್ಸಿ. ಪ್ರಬಂಧದ ಆ ಅಧ್ಯಾಯವನ್ನು ಧಾರವಾಡದಲ್ಲಿ ನಮ್ಮ ಮಾರ್ಗದರ್ಶಕರು ಅರ್ಧ ಓದಿ ಕೆಳಗಿಟ್ಟರು.

“ಈ ಮೀನ ಹಿಡದವ್ರು ಗಾಳಕ್ಕ ಏನ ಚುಚ್ಚಿದ್ರು?”

ಅದನ್ನು ನಾನು ಯಾರನ್ನೂ ಕೇಳಿರಲಿಲ್ಲ. ಮರುದಿನ ಮೀನು ಮಾರುವವರನ್ನು ಕೇಳಿದೆ. ಕಪ್ಪೆ ಎಂದರು.

“ಸೂಟಿ ಮುಗಿಯೂದ್ರಾಗ ಗಾಳದ ತಿನಿಸು ಇರಲಾರದ ಐದು ಸ್ವಚ್ಛ ಹೊಟ್ಟಿ ತಗೊಂಡ ಬಾ,” ಎಂದರು ಮಾರ್ಗದರ್ಶಕರು. “ಇಲ್ಲಂದ್ರ ಈ ಅಧ್ಯಾಯ ತಗದು ಹಾಕು. ಇದನ್ನ ತಗದ ಮ್ಯಾಲೆ ನಿನ್ನ ಪ್ರಬಂಧದಾಗ ಉಳಿಯೂದು ರಟ್ಟು ಅಷ್ಟ.”

ಬೇಸಿಗೆ ಸೂಟಿಗೆ ಮುದ್ದೇಬಿಹಾಳಕ್ಕೆ ಬಂದೆ. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ಕೂಡ ದಾಟಿದ್ದಿಲ್ಲ. ಮಗಳು ಏನು ಓದುತ್ತಾಳೆ ಎಂದು ಕೇಳಿದವರಿಗೆ ಅವ್ವ “ಹೊಳಿ ನೀರಿಂದು ಏನೋ ಓದತಾಳ” ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಬಲೆ ಬೀಸಿ ಹಿಡಿಯೋಣವೆಂದರೆ, ಬಲೆಗೆ ಬಿದ್ದ ಮುರ್ಲ ಒದ್ದಾಡಿ ತಿಂದದ್ದನ್ನೆಲ್ಲ ಕಾರಿಬಿಡುತ್ತದೆ. ಗಾಳವೇ ಆಗಬೇಕು, ಆದರೆ ಗಾಳದ ತುದಿಯಲ್ಲಿ ತಿನ್ನುವ ವಸ್ತು ಇರಬಾರದು. ಮೆತ್ತಗಿರಬೇಕು, ಕಪ್ಪೆಯಂತೆ ಕುಣಿಯಬೇಕು, ಕಪ್ಪೆಯಾಗಿರಬಾರದು. ರಬ್ಬರು ಎಂದು ತೀರ್ಮಾನಿಸಿದೆ.

ರಬ್ಬರಿಗೆ ನಮ್ಮ ಕಾಕಾ ಇದ್ದ. ಬಸ್‌ಸ್ಟ್ಯಾಂಡಿನ ಎದುರು ಅವನದು ಸೈಕಲ್ ಅಂಗಡಿ. ಯಾರಿಗೂ ಹೇಳಬಾರದೆಂದು ಎರಡು ಸಲ ಮಾತು ತೆಗೆದುಕೊಂಡು ವಿಷಯ ತಿಳಿಸಿದೆ. ಎದುರಿನ ಅಂಗಡಿಯಿಂದ ನೀಲಿ ಶಾಯಿ ಕೊಂಡು ಹೊರಳಿ ಬರುವಷ್ಟರಲ್ಲಿ ಪಂಕ್ಚರ್ ಹಾಕಿಸಲು ಬಂದಿದ್ದ ನಾಲ್ವರು ಗಂಡಸರು ಟ್ಯೂಬುಗಳನ್ನು ಎಳೆದೆಳೆದು ನೋಡುತ್ತಿದ್ದರು.

“ಕರೇದು ಬಿರುಸ ಐತಿ,” ಎಂದ ಒಬ್ಬ.

“ಕೆಂಪಂದ ಕತ್ತರಿಸ್ರಿ. ಕೆಂಪ ಅಂದ್ರ ದೂರಿಂದ ಕಾಣತೈತಿ.”

“ಮೀನಿಗೆ ಕಾಣಬೇಕೋ ಮಾರಾಯಾ, ನಿನಗಲ್ಲ.”

ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಕೆಂಪು ಟ್ಯೂಬೇ ಗೆದ್ದಿತು. ಅದರಿಂದ ಕಪ್ಪೆಯ ಮೈ ಕತ್ತರಿಸಿ, ವಾಲ್ವಿಗೆ ಹಾಕುವ ತೆಳ್ಳನೆಯ ವಾಲ್‌ಟ್ಯೂಬಿನಿಂದ ಕಾಲು ಮಾಡಿ, ಪಂಕ್ಚರ್ ಹಚ್ಚುವ ಸೊಲ್ಯೂಷನ್‌ನಿಂದ ಕಾಕಾ ಎರಡನ್ನೂ ಅಂಟಿಸಿದ. ನೀರಿನ ಬೋಗುಣಿಯಲ್ಲಿ ಎಳೆದರೆ ಕಾಲು ನಿಜವಾಗಿಯೂ ಒದೆಯುತ್ತಿದ್ದವು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕಾಕಾ ಬಿದಿರಿನ ಕೋಲಿಗೆ ದಾರ ಸುತ್ತಲೆಂದು ಸೈಕಲ್ಲಿನ ಫ್ರೀವೀಲನ್ನೂ ಜೋಡಿಸಿದ.

ದಾರವನ್ನು ಆರಿಸಿದ್ದು ಮಾತ್ರ ನಾನು. ಮೀನು ಹೆಚ್ಚೆಂದರೆ ಎರಡು ಕಿಲೋ. ಕಿರಾಣಿ ಅಂಗಡಿಯ ತೂಕದ ಕಲ್ಲುಗಳನ್ನು ಒಂದೊಂದಾಗಿ ತೂಗುಹಾಕಿ ನೋಡಿ, ಮೂರು ಕಿಲೋ ತಡೆದ ಸಣ್ಣ ನೈಲಾನ್ ದಾರವನ್ನು ತೆಗೆದುಕೊಂಡೆ. ದಾರ ಸಣ್ಣದಾದಷ್ಟೂ ಮೀನಿಗೆ ಸಂಶಯ ಕಡಿಮೆ ಎಂಬುದು ನನ್ನ ಲೆಕ್ಕ.

ತಂಗಡಗಿಯಲ್ಲಿ ಕೃಷ್ಣಾ ಹೊಳೆ ಬೇಸಿಗೆಗೆ ತೆಳ್ಳಗಾಗಿ ಅಲ್ಲಲ್ಲಿ ಮಡುಗಳಷ್ಟೇ ಉಳಿದಿದ್ದವು. ಹರಗೋಲು ಹಾಕುವ ಅಜ್ಜನೊಬ್ಬನನ್ನು ಕಾಕಾ ಗೊತ್ತು ಮಾಡಿದ್ದ. ಒಪ್ಪಂದದ ಪ್ರಕಾರ ಹೊಟ್ಟೆ ನನಗೆ, ಮೀನು ಅಜ್ಜನಿಗೆ.

“ಮಂದಿ ಮೀನ ತಿಂದು ಹೊಟ್ಟಿ ಒಗೀತಾರ. ನೀವು ಹೊಟ್ಟಿ ಇಟಗೊಂಡು ಮೀನ ಕೊಡತೀರಿ. ನಿಮ್ಮಂಥವ್ರು ವರ್ಷಾ ಬರ್ರಿ ಅಕ್ಕಾರ,” ಎಂದ ಅಜ್ಜ. ಆಮೇಲೆ ಅವನ ಕಣ್ಣು ಕೋಲಿನ ಮೇಲೆ ಬಿತ್ತು. “ಇದೇನ್ರೀ ಇದು? ಆಲಮಟ್ಟಿ ಡ್ಯಾಮ್ ಕಟ್ಟಾಕೂ ಇಷ್ಟು ಕಬ್ಬಿಣ ಹಾಕಿಲ್ಲ.”

“ಗಾಲಿ ಅಜ್ಜಾ. ದಾರ ತಾನ ಸುತ್ತತೈತಿ,” ಎಂದ ಕಾಕಾ.

ಅಜ್ಜ ಕಪ್ಪೆಯನ್ನು ಮೂಸಿ ನೋಡಿ ಮುಖ ಕಿವುಚಿದ. “ಇದನ್ನ ನಾನರ ತಿನ್ನೂದಿಲ್ಲ.”

ಸೊಲ್ಯೂಷನ್ ಕೆರೆದು ತೆಗೆದೆವು. ನನ್ನ ಚೀಲದಲ್ಲಿದ್ದ ಹಸಿರು ಹೊಲಿಗೆ ದಾರದಿಂದ ನಾನೇ ಎರಡೂ ಕಾಲುಗಳನ್ನು ಎರಡೆರಡು ಗಂಟು ಹಾಕಿ ಕಟ್ಟಿದೆ. ಅಜ್ಜ ಅಷ್ಟರಲ್ಲಿ ನನ್ನ ನೈಲಾನ್ ದಾರವನ್ನು ಬೆರಳಿನಿಂದ ಮೀಟುತ್ತಿದ್ದ.

“ಸೀರಿ ಸೆರಗು ಹೊಲೀಲಿಕ್ಕೆ ಛಲೋ ಐತ್ರಿ.”

ನಾನು ಕಲ್ಲು ತೂಗುಹಾಕಿ ನೋಡಿದ್ದನ್ನು ಕ್ರಮವಾಗಿ ವಿವರಿಸಿದೆ. ಅವನು ಪೂರ್ತಿ ಕೇಳಿದ.

“ಖರೇ ಐತಿ ಅಕ್ಕಾರ. ಆದ್ರ ಕಲ್ಲು ಜಗ್ಗೂದಿಲ್ಲ. ಮೀನ ಜಗ್ಗತೈತಿ.”

ಮೂರನೆಯ ಎಸೆತಕ್ಕೇ ಆಪಿನ ಹುಲ್ಲಿನ ಬದಿಯಲ್ಲಿ ನೀರು ಉಬ್ಬಿ ಕೆಂಪು ಕಪ್ಪೆ ಮಾಯವಾಯಿತು. ಫ್ರೀವೀಲು ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ ಕರಕರ ಕೂಗಿತು. “ಬ್ರೇಕ್ ಹಿಡಿ, ಬ್ರೇಕ್!” ಎಂದು ಕಾಕಾ ಕುಣಿದಾಡಿದ. ಅದಕ್ಕೆ ಬ್ರೇಕು ಹಾಕಿರಲಿಲ್ಲ. ನಾನು ಗಾಲಿಯನ್ನು ಕೈಯಿಂದ ಹಿಡಿದೆ. ದಾರ ಕಡಿಯಿತು. ಮೀನೂ ಹೋಯಿತು, ಕಪ್ಪೆಯೂ ಹೋಯಿತು. ಅಜ್ಜ ಉಳಿದ ದಾರವನ್ನು ಸುತ್ತಿ ನನ್ನ ಕೈಗಿಟ್ಟ. ಬೈದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು.

ಮರುದಿನ ಅಜ್ಜನ ಆಯ್ಕೆಯಂತೆ ನಡೆದೆವು. ಬಾಗಿದರೂ ಮುರಿಯದ ಹಸಿ ಬಿದಿರು, ದಪ್ಪನೆಯ ದಾರ, ಗಾಲಿ ಇಲ್ಲ. ಕಪ್ಪೆಯ ಬದಲು ವಾಲ್‌ಟ್ಯೂಬಿನ ಒಂದು ಗೇಣುದ್ದದ ತುಂಡು, ಬರೀ ಹುಳು. ಎರಡು ವಾರದಲ್ಲಿ ನಾಲ್ಕು ಮುರ್ಲ ಬಂದವು. ದಡದ ಮೇಲೇ ಕೊಯ್ದೆ. ಸಣ್ಣ ಮೀನು, ಸಿಗಡಿ, ನೀರಹುಳು ಸಿಕ್ಕವು. ಒಂದರಲ್ಲೂ ಕಪ್ಪೆ ಇರಲಿಲ್ಲ. ನನ್ನ ಹಳೆಯ ಅಧ್ಯಾಯದ ಬಗ್ಗೆ ಯೋಚಿಸುವುದನ್ನು ಬಿಟ್ಟೆ.

ಐದನೆಯದು ಧಾರವಾಡದ ಬಸ್ಸು ಹಿಡಿಯುವ ಹಿಂದಿನ ದಿನ ಸಿಕ್ಕಿತು. ಎಲ್ಲಕ್ಕಿಂತ ದೊಡ್ಡದು. ಹೊಟ್ಟೆ ಕೊಯ್ದೆ. ಮೂರು ಸಣ್ಣ ಮೀನು, ಒಂದು ಸಿಗಡಿ, ಅವುಗಳ ಕೆಳಗೆ ಒಂದು ಕೆಂಪು ಕಪ್ಪೆ. ಹಸಿರು ದಾರದ ನಾಲ್ಕು ಗಂಟುಗಳೂ ಹಾಗೇ ಇದ್ದವು.

ಕಾಕಾ ಅಂದು ಬಂದಿರಲಿಲ್ಲ. ಅಜ್ಜ ಬಗ್ಗಿ ನೋಡಿದ. ಆಮೇಲೆ ನನ್ನ ಮುಖ ನೋಡಿದ.

“ಹೊಳ್ಯಾಗ ಒಗೀರಿ ಅಕ್ಕಾರ. ನಾ ಯಾರಿಗೂ ಹೇಳೂದಿಲ್ಲ.”

ಸ್ವಚ್ಛ ಹೊಟ್ಟೆ ಐದು ಬೇಕಿತ್ತು. ಕಪ್ಪೆಯನ್ನು ಎಸೆದರೆ ಐದು, ಇಟ್ಟುಕೊಂಡರೆ ನಾಲ್ಕು. ಕಪ್ಪೆಯನ್ನು ಚಿಮಟದಲ್ಲಿ ಹಿಡಿದು ನೀರಿನ ತನಕ ಹೋದೆ. ಬಿಡಲು ಆಗಲಿಲ್ಲ. ಗಂಟು ನನ್ನದು, ಅಷ್ಟು ಬಿಗಿಯಾಗಿ ಹಾಕಿದ್ದೂ ನಾನೇ. ಮರಳಿ ಬಂದು, ಕೆಡದಂತೆ ಫಾರ್ಮಲಿನ್ ಬಾಟಲಿಗೆ ಹಾಕಿ ಚೀಟಿ ಅಂಟಿಸಿದೆ.

ಸಂಜೆ ಕಾಕಾ ಬಾಟಲಿಯನ್ನು ಬೆಳಕಿಗೆ ಹಿಡಿದು ಅಂಗಡಿಯಲ್ಲಿದ್ದವರಿಗೆಲ್ಲ ತೋರಿಸಿದ. “ನೋಡ್ರಿ ಮಾಲು! ಮೀನಿನ ಹೊಟ್ಯಾಗ ಎರಡು ವಾರ ಇದ್ರೂ ರಬ್ಬರ್ ಜಗ್ಗಿಲ್ಲ.” ಒಬ್ಬ ಅದೇ ಕೆಂಪು ಟ್ಯೂಬು ಕೊಂಡುಹೋದ.

ಧಾರವಾಡದಲ್ಲಿ ಮಾರ್ಗದರ್ಶಕರು ಹೊಸ ಪಟ್ಟಿಯ ಮೇಲೆ ಬೆರಳಿಟ್ಟು ಓದುತ್ತ ಹೋದರು. ಐದನೆಯ ಮೀನಿನ ಸಾಲಿನಲ್ಲಿ ಬೆರಳು ನಿಂತಿತು. ‘ಇತರೆ’ ಎಂಬ ಅಂಕಣದಲ್ಲಿ ‘ಸೈಕಲ್ ಟ್ಯೂಬು, ಕೆಂಪು, ಒಂದು’ ಎಂದು ಬರೆದಿದ್ದೆ.

“ಇದನ್ನ ಯಾರು ತಿನ್ನಿಸಿದ್ರು?”

“ನಾನ ರೀ, ಸರ್.”

ಅವರು ಪೆನ್ನಿನ ಕ್ಯಾಪು ತೆಗೆದರು. “ಈ ಸಲ ಗೊತ್ತೈತಲ್ಲ,” ಎಂದು ಸಹಿ ಹಾಕಿದರು.