ಬುಟ್ಟಿಯನ್ನು ನೋಡಬಾರದು

ನನಗೆ ನನ್ನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಸುತ್ತಿ ಬಳಸಿ ಹೇಳಲು ಹೋದರೆ ಕೊನೆಗೆ ನಾನೇ ಪಾಪದವನಂತೆ ಕಂಡುಬಿಡುತ್ತೇನೆ, ಆ ಕಲೆ ನನಗೆ ಚೆನ್ನಾಗಿ ಗೊತ್ತು.

ನಾನು ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹುಟ್ಟಿದ್ದು ಕೆಂಚಾರ್ಲಹಳ್ಳಿ ಕಡೆ, ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವ ಮನೆಯಲ್ಲಿ. ಚಿಕ್ಕಂದಿನಲ್ಲಿ ಯಲಹಂಕದ ಕಡೆಯಿಂದ ಫೈಟರ್ ವಿಮಾನ ಬಂದು ಅಂಬಾಜಿದುರ್ಗದ ಮೇಲೆ ಹಾದುಹೋದರೆ ಸೊಪ್ಪಿನ ಹೊರೆ ಅಲ್ಲೇ ಬಿಸಾಕಿ ಅದರ ಹಿಂದೆ ಓಡುತ್ತಿದ್ದೆ. ಎಂಟನೇ ಕ್ಲಾಸಿಗೆ ಸೋಡಾಬುಡ್ಡಿ ಕನ್ನಡಕ ಬಂತು, ಪೈಲಟ್ ಆಗುವ ಮಾತು ಅಲ್ಲಿಗೆ ಮುಗಿಯಿತು. ನಲವತ್ತು ದಾಟಿದ ಮೇಲೆ, ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಸಿಮ್ಯುಲೇಟರ್ ಒಂದಿದೆ, ನಿಜವಾದ ವಿಮಾನದ ಒಂದೊಂದು ಸ್ವಿಚ್ಚೂ ಅದರಲ್ಲಿದೆ ಎಂದು ತಿಳಿದಾಗ ನಾನು ಯಾರನ್ನೂ ಕೇಳಲಿಲ್ಲ. ಜಾಯ್‌ಸ್ಟಿಕ್ ತರಿಸಿದೆ, ಹೆಡ್‌ಸೆಟ್ ತರಿಸಿದೆ, ನಡುಮನೆಯ ಮೂಲೆಯಲ್ಲಿ ಮೇಜು ಹಾಕಿ ಕೂತೆ.

ಮೂರು ವಾರ ಇಂಜಿನ್ ಚಾಲೂ ಮಾಡುವುದೇ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮಕ್ಕಳು ಮಗ್ಗಿ ಬಾಯಿಪಾಠ ಮಾಡುವಂತೆ ಸ್ವಿಚ್ಚುಗಳ ಹೆಸರು ಬಾಯಿಪಾಠ ಮಾಡಿದೆ. ಒಂದು ಹಿಂದುಮುಂದಾದರೂ ವಿಮಾನ ಕೆರೆಯಲ್ಲಿ ಮಲಗಿದ ಎಮ್ಮೆಯ ಹಾಗೆ ಏಳುತ್ತಿರಲಿಲ್ಲ.

ನನ್ನವಳು ಕಾಫಿ ತಂದಿಟ್ಟು ನೋಡುತ್ತಿದ್ದಳು. "ಇನ್ನೂ ಹೊರಟೇ ಇಲ್ವಾ? ನೀವು ಹೊರಡೋ ಹೊತ್ತಿಗೆ ಯುದ್ಧ ಮುಗಿದೋಗಿರುತ್ತೆ ಬಿಡ್ರಿ," ಎಂದಳು ಒಂದು ದಿನ. ನನಗೆ ನಗು ಬರಲಿಲ್ಲ.

ಹಾರುವುದು ಬಂತು, ಇಳಿಯುವುದೂ ಒಂದು ಮಟ್ಟಕ್ಕೆ ಬಂತು. ಆಗ ಇಂಟರ್‌ನೆಟ್ಟಿನಲ್ಲಿ ಒಂದು ತಂಡ ಸಿಕ್ಕಿತು. ಏಳೆಂಟು ಜನ, ಬೇರೆ ಬೇರೆ ಊರಿನವರು, ಪ್ರತಿ ಭಾನುವಾರ ನಾಲ್ಕು ಗಂಟೆಗೆ ಒಟ್ಟಿಗೆ ಹಾರುತ್ತಿದ್ದರು. ಅವರ ಲೀಡರ್ ಗುಂಟೂರು ಕಡೆಯವರು, ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ನನಗೂ ತೆಲುಗು ಬರುವುದರಿಂದ ಬೇಗ ಹತ್ತಿರವಾದರು. ಅವರ ಪಕ್ಕದಲ್ಲೇ ಹಾರುವ ಎರಡನೇ ನಂಬರ್ ಜಾಗ ಖಾಲಿಯಿತ್ತು. ಆ ಜಾಗ ನನಗೆ ಬೇಕಿತ್ತು. ಹೆಡ್‌ಮಾಸ್ಟರ್ ಆಗುವ ಆಸೆಯೂ ನನಗೆ ಅಷ್ಟು ಇರಲಿಲ್ಲ.

ಅದಕ್ಕೊಂದು ಪರೀಕ್ಷೆ. ಆಕಾಶದಲ್ಲಿ ಟ್ಯಾಂಕರ್ ವಿಮಾನ ಹಾರುತ್ತಿರುತ್ತದೆ. ಅದರಿಂದ ಹಿಂದಕ್ಕೆ ಉದ್ದನೆಯ ಪೈಪು ಇಳಿಬಿದ್ದಿರುತ್ತದೆ, ಪೈಪಿನ ತುದಿಯಲ್ಲಿ ಒಂದು ಬುಟ್ಟಿ. ನಮ್ಮ ವಿಮಾನದ ಮೂತಿಯ ಕೊಳವೆಯನ್ನು ಆ ಬುಟ್ಟಿಗೆ ತೂರಿಸಿ, ತಪ್ಪಿಸಿಕೊಳ್ಳದೆ ಐದು ನಿಮಿಷ ಹಾರಿ ಇಂಧನ ತುಂಬಿಸಿಕೊಳ್ಳಬೇಕು. ಅದನ್ನು ರೆಕಾರ್ಡ್ ಮಾಡಿ ಲೀಡರಿಗೆ ಕಳಿಸಬೇಕು. ಎರಡು ತಿಂಗಳು ಒದ್ದಾಡಿದೆ. ಬುಟ್ಟಿ ಎಡಕ್ಕೆ ಅಂದರೆ ನಾನು ಎಡಕ್ಕೆ, ಅಷ್ಟರಲ್ಲಿ ಅದು ಬಲಕ್ಕೆ. ಜಾಯ್‌ಸ್ಟಿಕ್ ಹಿಡಿದ ಕೈ ಬೆವೆತು, ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

ಅವರೆಕಾಯಿ ಕಾಲ. ಒಂದು ಭಾನುವಾರ ಬೆಳಿಗ್ಗೆ ಅವಳು ನನ್ನ ಹಿಂದೆ ನೆಲದ ಮೇಲೆ ಕೂತು, ನೆನೆಸಿದ ಅವರೆಕಾಳು ಹಿಸುಕಿ ಬೇಳೆ ಮಾಡುತ್ತಿದ್ದಳು. ಕಾಳು ನೋಡುತ್ತಿರಲಿಲ್ಲ, ನನ್ನ ಪರದೆ ನೋಡುತ್ತಿದ್ದಳು. ಬೆರಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು.

"ಆ ಬುಟ್ಟೀನ ಯಾಕ್ರಿ ಹಂಗೆ ದಿಟ್ಟಿಸ್ತೀರ? ಓಡ್ತಿರೋದು ದೊಡ್ಡ ವಿಮಾನ. ಅದನ್ನ ನೋಡಿ," ಎಂದಳು.

"ನಿಂಗೇನು ಗೊತ್ತು ಕಣೇ," ಎಂದೆ.

"ಎಳೆ ಕೊಡೋವಾಗ ಕೈಯಲ್ಲಿರೋ ತುದಿ ನೋಡಿದ್ರೆ ಹರಿದೋಗುತ್ತೆ. ಓಡೋ ನೂಲು ನೋಡ್ಬೇಕು. ಕೈಗೆ ಅದೇ ಗೊತ್ತಾಗುತ್ತೆ."

ಅವಳು ಶಿಡ್ಲಘಟ್ಟದವಳು. ಅವರ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಇತ್ತು. ಕುದಿಸಿದ ಗೂಡಿನ ಎಳೆಯ ತುದಿ ಹುಡುಕಿ, ಓಡುತ್ತಿರುವ ನೂಲಿಗೆ ಎಸೆದು ಸೇರಿಸುವ ಕೆಲಸ. ಎಂಟು ವರ್ಷ ಅವಳು ಆ ಬಿಸಿನೀರಿನ ಮುಂದೆ ಕೂತಿದ್ದಳು. ಹೆಣ್ಣು ನೋಡಲು ಹೋದಾಗ ನಾನು ಅವಳ ಕೈ ನೋಡಿದ್ದೆ, ಬೆರಳ ತುದಿ ನೆಂದು ಬೆಳ್ಳಗಾಗಿದ್ದವು. ಹುಳದ ವಾಸನೆಯೂ ಇತ್ತು. ಹುಳ ಸಾಕುವ ಮನೆಯವನೇ ನಾನು, ಆದರೂ ಮೂಗು ಮುರಿದೆ. "ಒಂದೇ ಒಂದು ಮಾತು," ಎಂದಿದ್ದೆ, "ಮದುವೆ ಆದ್ಮೇಲೆ ಈ ಕೆಲಸ ಬೇಡ." ಅವಳು ತಲೆಯಾಡಿಸಿದ್ದಳು. ಆಮೇಲೆ ತವರಿಗೆ ಹೋದಾಗಲೂ ಅವಳು ನೂಲು ತೆಗೆಯುವ ಚರಕದ ಹತ್ತಿರ ಕೂರಲಿಲ್ಲ.

"ಹಂಗಾದ್ರೆ ಬಾ, ನೀನೇ ಮಾಡು," ಎಂದೆ. ಸೋಲಲಿ ಎಂದೇ ಕರೆದೆ, ಸುಳ್ಳು ಯಾಕೆ ಹೇಳಲಿ.

ಅವಳು ಸೀರೆಗೆ ಕೈ ಒರೆಸಿಕೊಂಡು ಕೂತಳು. ಮೊದಲ ಸಲ ವಿಮಾನ ಮೇಲಕ್ಕೆ ನೆಗೆಯಿತು. ಎರಡನೇ ಸಲ ಹತ್ತಿರ ಹೋಗಿ ತಪ್ಪಿತು. ಮೂರನೇ ಸಲ ಕೊಳವೆ ಬುಟ್ಟಿಯೊಳಗೆ ಹೋಗಿ ಕೂತಿತು. ಒಂದು ನಿಮಿಷ, ಎರಡು ನಿಮಿಷ. ಅವಳ ಬೆರಳು ಜಾಯ್‌ಸ್ಟಿಕ್ಕಿನ ಮೇಲೆ ಇದ್ದೂ ಇಲ್ಲದ ಹಾಗಿತ್ತು. "ಇದೇನಾ ಕಷ್ಟ ಅಂತಿದ್ದಿದ್ದು?" ಎಂದು ನನ್ನ ಕಡೆ ತಿರುಗಿ ಕೇಳಿದಳು, ಆಗಲೂ ವಿಮಾನ ಅಲುಗಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಚಿಕ್ಕಂದಿನಿಂದ ಕಂಡ ಕನಸು ನನ್ನದು, ಅವಳು ಅವರೆಕಾಳು ಬಿಟ್ಟು ಎದ್ದು ಬಂದವಳು.

ರೆಕಾರ್ಡಿಂಗ್ ಚಾಲೂ ಇತ್ತು. ಮಧ್ಯಾಹ್ನ ಅವಳು ಮಲಗಿದಾಗ ಅದನ್ನು ನನ್ನ ಹೆಸರಿನಲ್ಲಿ ಕಳಿಸಿದೆ.

ಸಂಜೆಗೆ ಲೀಡರ್ ಫೋನ್ ಮಾಡಿದರು. "ಚೆಯ್ಯಿ ಚಾಲಾ ಮೆತ್ತಗಾ ಉಂದಿ ಸಾರ್," ಎಂದರು, ಕೈ ಬಹಳ ಮೃದುವಾಗಿದೆ ಎಂದು ಹೊಗಳಿದರು, ಎರಡನೇ ನಂಬರ್ ನಿಮ್ಮದೇ ಎಂದರು. ಅವಳಿಗೆ ಹೇಳದೆ ವಿಧಿಯಿರಲಿಲ್ಲ, ಮುಂದಿನ ಭಾನುವಾರ ಟ್ಯಾಂಕರಿನ ಹಿಂದೆ ಹೋಗಬೇಕಾದರೆ ಅವಳೇ ಬೇಕು. ಬೈಯುತ್ತಾಳೆ ಅಂದುಕೊಂಡಿದ್ದೆ.

"ಅಯ್ಯೋ, ಅದಕ್ಕೇನು ಮುಖ ಸಣ್ಣ ಮಾಡ್ಕೊಂಡಿದ್ದೀರ. ನಾನು ಕೂತ್ಕೊಂತೀನಿ, ನೀವು ಮಾತಾಡಿ," ಎಂದಳು. ಅವಳಿಗೆ ಅದು ಇಷ್ಟವಾಗಿತ್ತು ಎಂಬುದು ನನಗೆ ಅರ್ಥವಾಗಲಿಲ್ಲ.

ಮೂರು ಭಾನುವಾರ ಹೀಗೇ ನಡೆಯಿತು. ಹೊರಡುವುದು ನಾನು, ಲೀಡರ್ ಪಕ್ಕ ಹಾರುವುದು ನಾನು. ಟ್ಯಾಂಕರ್ ಕಂಡಕೂಡಲೇ ಕುರ್ಚಿಯಿಂದ ಏಳುತ್ತಿದ್ದೆ, ಅವಳು ಕೂರುತ್ತಿದ್ದಳು. ಹೆಡ್‌ಸೆಟ್ಟಿನ ವೈರು ಗಿಡ್ಡ, ನಾನು ಸೊಂಟ ಬಗ್ಗಿಸಿ ಅವಳ ಭುಜದ ಮೇಲೆ ವಾಲಿಕೊಂಡು "ಸೇರಿಕೊಂಡೆ" ಎಂದು ಮೈಕಿನಲ್ಲಿ ಹೇಳುತ್ತಿದ್ದೆ. ಅವರ ಶಹಬ್ಬಾಸ್ ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. "ಏನಂದ್ರು?" ಎಂದು ಕೇಳಿದರೆ "ಏನಿಲ್ಲ" ಎನ್ನುತ್ತಿದ್ದೆ. ಅವಳಿಲ್ಲದಾಗ ಒಬ್ಬನೇ ಕೂತು ದೊಡ್ಡ ವಿಮಾನವನ್ನೇ ನೋಡುತ್ತಾ ಪ್ರಯತ್ನಿಸಿದೆ. ನನ್ನ ಕೈಗೆ ಏನೂ ಗೊತ್ತಾಗಲಿಲ್ಲ.

ನಾಲ್ಕನೇ ಭಾನುವಾರ ಅವಳು ಬುಟ್ಟಿಗೆ ಸೇರಿಸಿ ಹಾರಿಸುತ್ತಿದ್ದಾಗ ಲೀಡರ್ ಎಲ್ಲರೆದುರು ಕೇಳಿದರು, ಈ ಕೈ ಎಲ್ಲಿ ಕಲಿತಿರಿ, ನಮಗೂ ಹೇಳಿಕೊಡಿ ಎಂದು. ಏಳು ಜನ ಸುಮ್ಮನಾಗಿ ಕಾಯುತ್ತಿದ್ದರು. ಆ ಮೌನ ನನ್ನ ತಲೆಗೇರಿತು.

"ಮಾ ಇಂಟ್ಲೋ ಪಟ್ಟು ದಾರಂ ತೀಸೇವಾಳ್ಳಂ ಸಾರ್," ಎಂದೆ. ನಮ್ಮ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದೆವು, ಚಿಕ್ಕಂದಿನಿಂದ ಬಿಸಿನೀರಲ್ಲಿ ಕೈ ಇಟ್ಟು ಪಳಗಿದ ಕೈ ಇದು, ಎಳೆ ಕೊಡುವಾಗ ತುದಿ ನೋಡಬಾರದು, ಓಡೋ ನೂಲು ನೋಡಬೇಕು. ಅವಳ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಶಿಡ್ಲಘಟ್ಟದಲ್ಲಿ ಬೆಳೆದವಳಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ. ಅವಳ ಭುಜಕ್ಕೆ ಗದ್ದ ತಾಗಿಸಿಕೊಂಡು, ಅವಳು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಹೇಳಿದೆ.

ಅವಳು ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಬಲಗೈ ಬೆರಳನ್ನು ಒಮ್ಮೆ ಮೂಗಿನ ಹತ್ತಿರ ಹಿಡಿದು ಮೂಸಿದಳು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ನಿಮ್ಮ ಮನೆ ಕೆಲಸ ಅಂದ್ರಲ್ಲ. ನೀವೇ ನೋಡ್ಕೊಳ್ಳಿ," ಎಂದು ಅಡುಗೆಮನೆಗೆ ಹೋದಳು.

ನಾನು ಜಾಯ್‌ಸ್ಟಿಕ್ ಹಿಡಿಯುವಷ್ಟರಲ್ಲಿ ವಿಮಾನ ವಾಲಿತ್ತು. ಸರಿಮಾಡಲು ಹೋಗಿ ಎಳೆದೆ. ಟ್ಯಾಂಕರಿನ ಹೊಟ್ಟೆಗೆ ಹೋಗಿ ಗುದ್ದಿದೆ, ಪರದೆಯೆಲ್ಲ ಕೆಂಪಾಗಿ ಆಮೇಲೆ ಕಪ್ಪಾಯಿತು. ಕಿವಿಯಲ್ಲಿ ಲೀಡರ್ ಏನಾಯಿತು ಏನಾಯಿತು ಎಂದು ಕೇಳುತ್ತಿದ್ದರು. ಕರೆಂಟು ಹೋಯಿತು ಎನ್ನಬಹುದಿತ್ತು, ನಮ್ಮೂರಿನ ಕರೆಂಟಿನ ವಿಷಯದಲ್ಲಿ ಯಾರೂ ಅನುಮಾನಪಡುವುದಿಲ್ಲ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಅವಳು ಕೈ ತೊಳೆಯುತ್ತಿದ್ದಳು. ಬಹಳ ಹೊತ್ತು ತೊಳೆದಳು. ಆ ಸದ್ದು ಕೇಳುತ್ತಾ ಸುಳ್ಳು ಹೇಳಲು ಆಗಲಿಲ್ಲ.

"ಆ ಕೈ ನಂದಲ್ಲ ಸಾರ್. ನನ್ನ ಹೆಂಡತೀದು. ಮೊದಲಿಂದಲೂ ಅವಳದೇ," ಎಂದೆ.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಾಗಾದರೆ ಅಮ್ಮನವರಿಗೆ ಹೆಡ್‌ಸೆಟ್ ಕೊಡಿ," ಎಂದರು ಅಷ್ಟೇ.

ಅವಳು ಆ ದಿನ ಬರಲಿಲ್ಲ. ಹದಿನೈದು ದಿನ ಅನ್ನ ಬಡಿಸುತ್ತಿದ್ದಳು, ಮಾತಿರಲಿಲ್ಲ. ಆಮೇಲೆ ಒಂದು ಭಾನುವಾರ ತಾನಾಗಿಯೇ ಮೇಜಿನ ಹತ್ತಿರ ಬಂದು ನಿಂತಳು.

"ಒಂದೇ ಒಂದು ಮಾತು," ಎಂದಳು. "ನಾನು ಕೂತಾಗ ನೀವು ಹಿಂದೆ ನಿಂತ್ಕೋಬಾರ್ದು."

ನಾನು ತಲೆಯಾಡಿಸಿದೆ.

ಈಗ ಎರಡನೇ ನಂಬರ್ ಜಾಗ ಅವಳದು. ಇಂಜಿನ್ ಚಾಲೂ ಮಾಡುವುದನ್ನು ನನ್ನ ನೋಟ್‌ಬುಕ್ ನೋಡಿ ನಾಲ್ಕು ದಿನದಲ್ಲಿ ಕಲಿತಳು. ಹೋದ ತಿಂಗಳು ತವರಿಗೆ ಹೋದವಳು ಬೆರಳ ತುದಿ ಬೆಳ್ಳಗೆ ಮಾಡಿಕೊಂಡು ಬಂದಳು. ಈ ಸಲ ನಾನು ಮೂಗು ಮುರಿಯಲಿಲ್ಲ. ಭಾನುವಾರ ನಾಲ್ಕು ಗಂಟೆಗೆ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕಾಳಿನ ಪಾತ್ರೆ ಇಟ್ಟುಕೊಂಡು ಕೂರುತ್ತೇನೆ. ಅವಳ ಬೆನ್ನು ಕಾಣುತ್ತದೆ, ಪರದೆ ಕಾಣುವುದಿಲ್ಲ. ಅವಳು ಹೆಡ್‌ಸೆಟ್ ಹಾಕಿಕೊಂಡು "ಸೇರಿಕೊಂಡೆ ಸಾರ್" ಎನ್ನುತ್ತಾಳೆ, ಆಮೇಲೆ ಆ ಕಡೆಯವರು ಏನೋ ಹೇಳುತ್ತಾರೆ, ಅವಳು ನಗುತ್ತಾಳೆ. ಆ ನಗು ಈ ಮನೆಯಲ್ಲಿ ನಾನು ಕೇಳಿದ್ದಲ್ಲ.

"ಏನಂದ್ರು?" ಎಂದು ಕೇಳುತ್ತೇನೆ.

"ಏನಿಲ್ಲ," ಎನ್ನುತ್ತಾಳೆ, ತಿರುಗಿ ನೋಡದೆ.