ಕರಿ ಕಂಬಳಿಯ ಮೇಲೆ ಕೂತ ಬೆಳಿಗ್ಗೆ

1908ನೇ ಇಸವಿ ನವೆಂಬರ್ 17, ಮಂಗಳವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಚಿತ್ರದುರ್ಗದ ಮಿಷನ್ ಬಂಗಲೆಯ ಹಿಂದಿನ ಕೋಣೆಯಲ್ಲಿ ಇದನ್ನು ಬರೆಯಲು ಕೂತೆ. ಉದ್ದೇಶ ಒಂದೇ: ಒಬ್ಬ ಮನುಷ್ಯ ನನಗೆ ಮಾಡಿದ್ದನ್ನು ದಿನಾಂಕ ಸಮೇತ ಅಚ್ಚಿನಲ್ಲಿ ಇಡುವುದು. ಅವನು ನನಗಿಂತ ಇಪ್ಪತ್ತೇಳು ವರ್ಷ ದೊಡ್ಡವನು. ಆದರೂ ಅವನಿಗೆ ಬಹುವಚನ ಕೊಡುವ ಮನಸ್ಸು ನನಗಿಲ್ಲ.

ನಾನು ಮಂಗಳೂರಿನವನು. 1906ರ ಮೇ ತಿಂಗಳಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕ್ರೈಸ್ತ ಮಿಷನ್ನಿನ ಉಪದೇಶಿಯಾಗಿ, ಅಂದರೆ ಊರೂರು ತಿರುಗಿ ಸುವಾರ್ತೆ ಸಾರುವವನಾಗಿ, ಈ ಕಡೆಗೆ ಬಂದೆ. ನಮ್ಮದು ಇಂಗ್ಲಿಷರ ಜಿಲ್ಲೆ, ಇದು ಮಹಾರಾಜರ ಸೀಮೆ. ಹಡಗು ಹತ್ತದಿದ್ದರೂ ನಾನು ಹೊರಟದ್ದು ಪರದೇಶಕ್ಕೇ ಎಂದು ಅಮ್ಮ ಅತ್ತಿದ್ದಳು. ಗಾಡಿಯಲ್ಲಿ ಘಟ್ಟ ಹತ್ತಿ, ಕಡೂರಿನಲ್ಲಿ ರೈಲು ಹಿಡಿದು, ಚಿಕ್ಕಜಾಜೂರಿನಲ್ಲಿ ಇಳಿದು, ಹೊಳಲ್ಕೆರೆಯ ಮಾರ್ಗವಾಗಿ ಎತ್ತಿನ ಗಾಡಿಯಲ್ಲಿ ದುರ್ಗ ಸೇರಲು ಒಂಬತ್ತು ದಿನ ಹಿಡಿಯಿತು. ಅಮ್ಮ ಅತ್ತದ್ದು ತಪ್ಪಲ್ಲ. ಮೀನಿಲ್ಲ, ತೆಂಗಿನೆಣ್ಣೆ ಇಲ್ಲ, ಮಳೆಯೂ ಇಲ್ಲ. ರಾಗಿ ಮುದ್ದೆಯನ್ನು ಅಗಿಯದೆ ನುಂಗಲು ಕಲಿಯುವುದಕ್ಕೆ ಹದಿನೇಳು ದಿನ ಬೇಕಾಯಿತು. ನನ್ನ ಕನ್ನಡ ಕೇಳಿ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಒಬ್ಬ ಅಜ್ಜಿಯಂತೂ, "ಈ ಅಯ್ಯ ಪುಸ್ತಕ ಓದ್ದಂಗೆ ಮಾತಾಡ್ತಾನಲ್ಲೇ, ಬಾಯಿ ನೋಯಲ್ವೇನಪ್ಪ ನಿಂಗೆ?" ಎಂದು ಕೇಳಿಯೇಬಿಟ್ಟಳು.

ಮಿಷನ್ನಿನ ಕರಾರು ಹೀಗಿತ್ತು. ಎರಡು ವರ್ಷ ಪರೀಕ್ಷೆಯ ಕಾಲ. ಅಷ್ಟರೊಳಗೆ ಒಂದು ಹೊಸ ಊರಿನಲ್ಲಿ ಶಾಲೆ ತೆರೆಸಿದವನು ಖಾಯಂ ಉಪದೇಶಿ. ತೆರೆಸದವನಿಗೆ ಆ ಹುದ್ದೆ ಇಲ್ಲ. ನನ್ನನ್ನು ಒಬ್ಬ ಹಿರಿಯ ಉಪದೇಶಿಯ ಕೈಕೆಳಗೆ ಹಾಕಿದರು. ಅವನು ಹಿರಿಯೂರಿನ ಕಡೆಯವನೇ, ಇಪ್ಪತ್ತೆರಡು ವರ್ಷ ಸೇವೆ ಮಾಡಿದವನು. ಬಿಳಿ ರುಮಾಲು, ಇಸ್ತ್ರಿ ಮಾಡಿದ ಉದ್ದ ಕೋಟು, ಒಳ್ಳೆಯ ಕಂಠ. ಮೊದಲ ತಿಂಗಳು ನಾನು ಅವನನ್ನು ಬಹಳ ಗೌರವಿಸಿದೆ. ದಿನಚರಿಯಲ್ಲಿ ಹಾಗೆಂದು ಬರೆದಿದ್ದೇನೆ, ಅಳಿಸಿಲ್ಲ.

ಹಿರಿಯೂರು ತಾಲೂಕಿನಲ್ಲಿ ಕುರುಬರದೊಂದು ಹಟ್ಟಿ ಇದೆ. ಅಲ್ಲಿಗೆ ಅವನು ಎಂಟು ವರ್ಷದಿಂದ ಹೋಗುತ್ತಿದ್ದನಂತೆ. "ಕಲ್ಲು ಮನಸ್ಸಿನ ಜನ, ಒಂದು ಮಾತೂ ಕೇಳುವುದಿಲ್ಲ" ಎಂದು ಪ್ರತಿ ವರ್ಷ ವರದಿ ಬರೆಯುತ್ತಿದ್ದ. ನಾನು ಹೋದಾಗ ಆ ಜನ ನನ್ನ ಮಾತು ಕೇಳಿದರು. ಕೇಳಿದ್ದು ಸುವಾರ್ತೆಯನ್ನಲ್ಲ, ಎಣಿಕೆಯನ್ನು. ಸರ್ಕಾರಿ ಹುಲ್ಲುಗಾವಲಿನ ಗಾರ್ಡು ಸುಂಕಕ್ಕೆಂದು ಇದ್ದದ್ದಕ್ಕಿಂತ ಹೆಚ್ಚು ಕುರಿ ಬರೆದುಕೊಳ್ಳುತ್ತಾನೆ ಎಂಬುದು ಅವರ ಗೋಳು. ನಾನು ಕುರಿದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದೇ ಕುರಿ ಬಿಡಿಸಿ ಎಣಿಸಿದೆ. ನಾನೂರ ಹನ್ನೆರಡು. ಮಾರನೆಯ ದಿನ ಗಾರ್ಡಿನ ಮುಂದೆ ಮತ್ತೆ ಎಣಿಸಿದೆ. ನಾನೂರ ಹನ್ನೆರಡು. ಹಟ್ಟಿಯ ಯಜಮಾನ ನನ್ನ ನೋಟ್ ಪುಸ್ತಕ ಇಸಿದುಕೊಂಡು ತಲೆಕೆಳಗಾಗಿ ಹಿಡಿದು ನೋಡಿ, "ಲೇ, ನಮ್ಮ ಹುಡ್ರಿಗೂ ಇಂಗೆ ಬರೆಯಾದು ಕಲಿಸ್ತೀಯೇನಪ್ಪ?" ಎಂದ. ಹೀಗೆ ಎಂಟು ತಿಂಗಳಲ್ಲಿ ಶಾಲೆಯ ಮಾತು ಗಟ್ಟಿಯಾಯಿತು. ದೊಡ್ಡಿಯ ಪಕ್ಕದ ಹುಲ್ಲಿನ ಚಪ್ಪರವನ್ನು ಶಾಲೆಗೆ ಬಿಟ್ಟುಕೊಡುವುದು, ಹದಿನೆಂಟು ಮಕ್ಕಳನ್ನು ಕಳಿಸುವುದು. ಊರಿನವರೆಲ್ಲ ಸೇರಿ ಮಾತು ಕೊಡುವ ದಿನವನ್ನೂ ಗೊತ್ತು ಮಾಡಿದರು: 1907 ಫೆಬ್ರವರಿ 12, ಮಂಗಳವಾರ.

ಆ ಬೆಳಿಗ್ಗೆ ಎಂಟಕ್ಕೆ ನಾವಿಬ್ಬರೂ ಹಟ್ಟಿ ಸೇರಿದೆವು. ಕಟ್ಟೆಯ ಮುಂದೆ ಸಗಣಿ ಸಾರಿಸಿದ ನೆಲದ ಮೇಲೆ ಹೊಸ ಕರಿ ಕಂಬಳಿ ಹಾಸಿತ್ತು. ಸುತ್ತ ಹನ್ನೊಂದು ಜನ ಬರಿ ನೆಲದಲ್ಲಿ ಕೂತಿದ್ದರು. ಯಜಮಾನ ಒಳಗೆ ಹೋಗಿದ್ದ. ನಮ್ಮ ಕಡೆ ಮನೆಗೆ ಬಂದವನಿಗೆ ಚಾಪೆ ಹಾಸುತ್ತಾರೆ. ಅದರ ಮೇಲೆ ಕೂರದಿದ್ದರೆ ಹಾಸಿದವರಿಗೆ ಅವಮಾನ. ಆದರೂ ನಾನು ತಡೆದೆ. ಪಕ್ಕದಲ್ಲಿದ್ದ ಅವನನ್ನು ನೋಡಿದೆ. ಅವನು ನನ್ನ ಎಡ ಹೆಗಲ ಮೇಲೆ ಕೈ ಇಟ್ಟು ಮೆತ್ತಗೆ ಒತ್ತಿದ.

"ನಿಮಗೇ ಹಾಸ್ಯಾರೆ ತಮ್ಮಾ, ಕುಂತ್ಕಳ್ರಿ."

ಕೂತೆ. ಚಪ್ಪಲಿ ಬಿಟ್ಟಿದ್ದೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಸುತ್ತಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಯಜಮಾನ ಒಳಗಿನಿಂದ ತುಂಬಿದ ತಂಬಿಗೆ, ವೀಳ್ಯದೆಲೆ, ಅರಿಶಿನದ ಭಂಡಾರ ಹಿಡಿದು ಬಂದ. ನನ್ನನ್ನು ನೋಡಿ ನಿಂತ. ಆಗ ನನಗೆ ಗೊತ್ತಾಯಿತು. ಅದು ಆಸನವಲ್ಲ, ಗದ್ದಿಗೆ. ಅದರ ಮೇಲೆ ತಂಬಿಗೆ ಇಟ್ಟು, ಭಂಡಾರ ಹಾಕಿ, ದೇವರನ್ನೇ ಕೂರಿಸಿದಂತೆ ಮಾಡಿ, ಅದರ ಮುಂದೆ ಊರು ಮಾತು ಕೊಡುತ್ತದೆ. ಅವರಲ್ಲಿ ಮದುವೆ, ನ್ಯಾಯ, ಆಣೆ ಎಲ್ಲವೂ ಆ ಕಂಬಳಿಯ ಎದುರೇ.

"ಯಾವನಲೇ ಅವ್ನು ಗದ್ದಿಗಿ ಮ್ಯಾಲೆ!" ಎಂದು ಒಬ್ಬ ಕೂಗಿದ.

"ಏನಪ್ಪ, ನಿಮ್ಮೂರಾಗೆ ದೇವ್ರನ್ನ ಅಡೀಗೆ ಹಾಕ್ಕಂಡು ಕುಂತ್ಕಂತಾರೇನು?" ಎಂದ ಇನ್ನೊಬ್ಬ.

ಯಾರೂ ನನ್ನ ಮೈ ಮುಟ್ಟಲಿಲ್ಲ. ಯಜಮಾನ ಕಣ್ಣು ಕೆಳಗೆ ಮಾಡಿ, "ಹೊಂಡ್ರಿ ಅಯ್ಯೋರೆ," ಎಂದಷ್ಟೇ ಹೇಳಿದ. ಹೊಡೆದಿದ್ದರೆ ವಾಸಿಯಿತ್ತು. ತಿರುಗಿ ನೋಡಿದರೆ ನನ್ನ ಹಿರಿಯ ಪಕ್ಕದಲ್ಲಿರಲಿಲ್ಲ. ಆಗಲೇ ಕೆರೆಯ ಹತ್ತಿರ ಎತ್ತಿಗೆ ನೀರು ಕುಡಿಸುತ್ತಿದ್ದ.

ದುರ್ಗಕ್ಕೆ ಬಂದು ಬಂಗಲೆಯ ಪಾದ್ರಿ ದೊರೆಗಳ ಮುಂದೆ ಅವನು ಹೇಳಿದ್ದೂ ಅದನ್ನೇ. "ನಾನು ಕೆರೆ ತಾವ ಇದ್ದೆ ದೊರೆ. ಈ ತಮ್ಮ ದುಡುಕಿಬಿಟ್ರು. ಎಂಟು ವರ್ಸದಿಂದ ನಾನು ಮೆತ್ತಗೆ ಮಾಡಿದ್ದ ಜನ." ಕಲ್ಲು ಮನಸ್ಸಿನ ಜನ ಅಷ್ಟರಲ್ಲಿ ಮೆತ್ತಗಾಗಿದ್ದರು. ದೊರೆಗಳು ಇಪ್ಪತ್ತೆರಡು ವರ್ಷದ ಸೇವೆಯನ್ನು ನಂಬಿದರು, ಎಂಟು ತಿಂಗಳಿನದನ್ನು ನಂಬಲಿಲ್ಲ. ನನ್ನನ್ನು ಊರೂರು ತಿರುಗುವ ಕೆಲಸದಿಂದ ತೆಗೆದು, ಬಂಗಲೆಯಲ್ಲಿ ಕೂತು ಎಲ್ಲ ಉಪದೇಶಿಗಳ ತಿಂಗಳ ದಿನಚರಿಯನ್ನು ನಕಲು ಮಾಡುವುದಕ್ಕೆ ಹಾಕಿದರು.

ದೊರೆಗಳಿಗೆ ಗೊತ್ತಿಲ್ಲದೆಯೇ ಅವರು ನನ್ನ ಕೈಗೆ ಕತ್ತಿ ಕೊಟ್ಟಿದ್ದರು.

ಪ್ರತಿಯೊಬ್ಬ ಉಪದೇಶಿಯೂ ಯಾವ ದಿನ, ಯಾವ ಊರು, ಎಷ್ಟು ಜನ ಕೇಳಿದರು ಎಂದು ಬರೆದು ಒಪ್ಪಿಸಬೇಕು. ಅವನ ದಿನಚರಿಯನ್ನು ನಾನು ಹತ್ತು ತಿಂಗಳು ನಕಲು ಮಾಡಿದೆ, ಮತ್ತೊಂದು ಪುಸ್ತಕದಲ್ಲಿ ಊರಿನ ಪ್ರಕಾರ ವಿಂಗಡಿಸಿದೆ. ಒಂದೇ ದಿನ ಬೆಳಿಗ್ಗೆ ಹೊಸದುರ್ಗ, ಮಧ್ಯಾಹ್ನ ತಾಳ್ಯ. ರೆಕ್ಕೆ ಇದ್ದವನೂ ಹಾಗೆ ಹೋಗಲಾರ. ರಜಾ ಸಿಕ್ಕಿದಾಗೆಲ್ಲ ನಾನು ಆ ಊರುಗಳಿಗೆ ನಡೆದು ಹೋಗಿ ವಿಚಾರಿಸಿದೆ. ಅವನು ಬರೆದ ನಲವತ್ತೊಂದು ಭೇಟಿಗಳಲ್ಲಿ ಇಪ್ಪತ್ತೊಂಬತ್ತು ನಡೆದೇ ಇರಲಿಲ್ಲ. ತಾಳ್ಯದ ಒಬ್ಬ ರೈತ ನಕ್ಕು, "ಆ ಬಿಳಿ ರುಮಾಲಿನ ಅಯ್ಯೋರಾ? ಎಲ್ಡು ವರ್ಸ ಆತು ಕಣ್ರಿ ಮುಖ ನೋಡಿ. ಬದುಕ್ಯವ್ರಾ?" ಎಂದ. ಚಿಕ್ಕಜಾಜೂರಿನ ಸ್ಟೇಷನ್ನಿನಲ್ಲಿ ಮಾತ್ರ ಎಲ್ಲರಿಗೂ ಅವನು ಗೊತ್ತು. ದಿನವಿಡೀ ಅಲ್ಲಿಯ ಪೋರ್ಟರುಗಳ ಜೊತೆ ಚೌಕಾಬಾರ ಆಡುತ್ತಿದ್ದನಂತೆ. ದಿನಚರಿಯಲ್ಲಿ ಅದು "ರೈಲ್ವೆ ನೌಕರರ ನಡುವೆ ಸೇವೆ" ಎಂದಿತ್ತು.

ಆ ವರ್ಷ ದುರ್ಗದ ಪ್ರಾರ್ಥನಾ ಮಂದಿರದಲ್ಲಿ ಶತ್ರುವನ್ನು ಕ್ಷಮಿಸುವ ವಿಷಯವಾಗಿ ನಾನು ಒಂಬತ್ತು ಸಲ ಮಾತಾಡಿದೆ. ಒಂಬತ್ತು ಸಲವೂ ಅವನನ್ನು ಬಿಟ್ಟು ಉಳಿದವರನ್ನು ಕ್ಷಮಿಸಿದೆ.

1908 ಫೆಬ್ರವರಿ 1, ಶನಿವಾರ, ಮಾಸಿಕ ಸಭೆ. ಅಲ್ಲಿ ಒಬ್ಬೊಬ್ಬರೂ ತಮ್ಮ ದಿನಚರಿಯನ್ನು ಗಟ್ಟಿಯಾಗಿ ಓದಬೇಕು, ಉಳಿದವರು ಪ್ರಶ್ನೆ ಕೇಳಬಹುದು. ಸಾಮಾನ್ಯವಾಗಿ ಯಾರೂ ಕೇಳುತ್ತಿರಲಿಲ್ಲ. ಅವನು ಚೆನ್ನಾಗಿ ಓದಿದ. ಜನವರಿ 9ರಂದು ತಾಳ್ಯದ ಅರಳಿಕಟ್ಟೆಯ ಮೇಲೆ ನಿಂತು ಅರವತ್ತು ಜನರಿಗೆ ಬೋಧಿಸಿದೆ ಎಂದ. ನಾನು ಎದ್ದು ನಿಂತೆ.

"ಅರಳಿಮರದ ನೆರಳು ಚೆನ್ನಾಗಿತ್ತೇ?"

"ಇರದೇನು ತಮ್ಮಾ, ಅಷ್ಟು ದೊಡ್ಡ ಮರ."

"ಆ ಮರ ಆಶ್ವೀಜ ಮಾಸದ ಗಾಳಿಗೆ ಬಿತ್ತು. ಬೀಳುವಾಗ ಕಟ್ಟೆಯನ್ನೂ ಕಿತ್ತುಕೊಂಡೇ ಬಿತ್ತು. ಈಗ ಅಲ್ಲಿ ಹಳ್ಳವಿದೆ."

ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಅವನು ರುಮಾಲು ಸರಿಮಾಡಿಕೊಂಡ. ಆಮೇಲೆ ನಾನು ಇಪ್ಪತ್ತೊಂಬತ್ತನ್ನೂ ಓದಿದೆ. ಅವಸರ ಮಾಡಲಿಲ್ಲ. ಪ್ರತಿಯೊಂದಕ್ಕೂ ದಿನಾಂಕ, ಊರು, ಸಾಕ್ಷಿ ಹೇಳಿದವರ ಕಸುಬು. ಹದಿಮೂರನೆಯದರ ಹೊತ್ತಿಗೆ ಅವನು ಕೂತುಬಿಟ್ಟ. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಎರಡು ವರ್ಷದಲ್ಲಿ ಈ ಸೀಮೆಯಲ್ಲಿ ಅಷ್ಟು ಹಗುರವಾಗಿ ನಾನು ಉಸಿರಾಡಿದ್ದಿಲ್ಲ.

ಸಂಜೆಯೊಳಗೆ ಅವನನ್ನು ಕೆಲಸದಿಂದ ತೆಗೆದರು. ಬಂಗಲೆಯ ಗೇಟಿನ ಹತ್ತಿರ, ಗಂಟು ಕಟ್ಟಿಕೊಂಡು ನಿಂತಿದ್ದವನು ನನ್ನನ್ನು ಕರೆದ.

"ಸಾಕಾತೇನಪ್ಪ?"

"ಇಲ್ಲ. ಕಂಬಳಿಯ ವಿಷಯ ಹೇಳಿ. ಅದು ಗದ್ದಿಗೆ ಅಂತ ಗೊತ್ತಿದ್ದೇ ನನ್ನನ್ನು ಕೂರಿಸಿದಿರಲ್ಲವೇ?"

ಅವನು ಗಂಟನ್ನು ಹೆಗಲಿಗೇರಿಸಿದ. ಆಮೇಲೆ ನಕ್ಕ. "ಅದ್ನ ನೀನು ಸಾಯಾಗಂಟ ಲೆಕ್ಕ ಹಾಕ್ಕಂತ ಇರು," ಎಂದು ಹೇಳಿ ಹಿರಿಯೂರು ರಸ್ತೆ ಹಿಡಿದ.

ಅವನ ಸುಳ್ಳು ಹೊರಬಿದ್ದರೂ, ನಾನು ಕೂರುವಾಗ ಅವನು ಕೆರೆಯ ಹತ್ತಿರ ಇದ್ದನೆಂಬುದು ಸುಳ್ಳೆಂದು ಯಾರೂ ಒಪ್ಪಲಿಲ್ಲ. "ಅದು ಬೇರೆ, ಇದು ಬೇರೆ," ಎಂದರು ದೊರೆಗಳು. ಮಾರ್ಚಿನಲ್ಲಿ ನಾನೊಬ್ಬನೇ ಹಟ್ಟಿಗೆ ಹೋದೆ. ಯಜಮಾನ ಮಜ್ಜಿಗೆ ಕೊಟ್ಟ, ಎಲ್ಲವನ್ನೂ ಕೇಳಿದ.

"ತಪ್ಪು ನಿಮ್ದೋ ಅವ್ನದೋ ನಮಗ್ಯಾಕೆ ಅಯ್ಯೋರೆ? ಕಂಬಳಿ ತೊಳ್ದು ಮಡಚಿಟ್ಟೀವಿ. ಒಂದೇ ಮಾತಿಗೆ ಎಲ್ಡು ಸಲ ಹಾಸಲ್ಲ."

"ಅವನು ನನ್ನ ಹೆಗಲು ಹಿಡಿದು ಕೂರಿಸಿದ್ದನ್ನು ಯಾರಾದರೂ ನೋಡಿದರೇ?"

"ನಾನು ಒಳಗಿದ್ನಲ್ಲಪ್ಪ."

ಚಪ್ಪರದಲ್ಲಿ ಈಗ ಕುರಿಮರಿಗಳನ್ನು ಕಟ್ಟುತ್ತಿದ್ದಾರೆ. ಮೇ ತಿಂಗಳಲ್ಲಿ ನನ್ನ ಎರಡು ವರ್ಷ ಮುಗಿಯಿತು. ಶಾಲೆ ಇಲ್ಲ, ಹಾಗಾಗಿ ಹುದ್ದೆಯೂ ಇಲ್ಲ. ನಕಲು ಗುಮಾಸ್ತನಾಗಿ ಉಳಿಸಿಕೊಂಡಿದ್ದಾರೆ. ಅವನನ್ನು ಹಾಳು ಮಾಡಿದೆ, ಅದರಿಂದ ನನಗೆ ಸಿಕ್ಕಬೇಕಾದದ್ದು ಸಿಕ್ಕಲಿಲ್ಲ. ಹಾಗೆಂದು ಮಾಡಿದ್ದಕ್ಕೆ ವ್ಯಥೆ ಇದೆಯೇ ಎಂದು ಪ್ರತಿ ಭಾನುವಾರ ನನ್ನನ್ನೇ ಕೇಳಿಕೊಂಡು ಉತ್ತರ ಬರೆದಿಡುತ್ತೇನೆ. ಮೊನ್ನೆಯವರೆಗೆ ನಲವತ್ತೊಂದು ಉತ್ತರಗಳಾಗಿವೆ, ಎಲ್ಲವೂ ಒಂದೇ.

ಕಂಬಳಿಯ ಸುತ್ತ ಕೂತಿದ್ದ ಹನ್ನೊಂದು ಜನರಲ್ಲಿ ಏಳು ಜನ ನೆನಪಿಲ್ಲ ಎಂದರು. ನಾಲ್ವರು ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋದವರು ಇನ್ನೂ ಸಿಕ್ಕಿಲ್ಲ. ಇದನ್ನು ಓದುವವರಲ್ಲಿ ಯಾರಿಗಾದರೂ ಅವರ ಗುರುತಿದ್ದರೆ, ಆ ಬಿಳಿ ರುಮಾಲಿನವನ ಕೈ ನನ್ನ ಎಡ ಹೆಗಲ ಮೇಲಿತ್ತೇ ಎಂದು ಒಮ್ಮೆ ಕೇಳಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಈ ಪುಟ ಅಚ್ಚು ಮಾಡಿದವರಿಗೆ ಬರೆದು ಕಳಿಸಬೇಕು. ಅವನು ಈಗ ಯಾವ ಊರಿನಲ್ಲಿದ್ದಾನೆಂದು ಬಲ್ಲವರು ಅದನ್ನೂ ಬರೆಯಿರಿ. ಇದರ ಒಂದು ಪ್ರತಿಯನ್ನು ಅವನಿಗೆ ತಲುಪಿಸುವುದಿದೆ.